ಬಜಪೆಗೆ ಮುಕ್ಕಾಲು ಗಂಟೆ

ಪುತ್ತೂರಿನ ನನ್ನ ಚಿಕ್ಕಮ್ಮ ಬೆಂಗಳೂರಿಗೆ ಬಂದು ಬಲಗಾಲಿನ ಮಂಡಿ ಬದಲಾಯಿಸಿಕೊಂಡು ಮೂರೂವರೆ ತಿಂಗಳಾಗಿತ್ತು. ಜುಲೈ ತಿಂಗಳು. ಊರಲ್ಲಿ ನೇಜಿ ನೆಡುವುದು ಮುಗಿದಿತ್ತು, ಅಡಿಕೆಗೆ ಮದ್ದು ಬಿಡುವವರು ಮಳೆ ಬಿಡುವು ಕೊಡಲಿ ಎಂದು ಕಾಯುತ್ತಿದ್ದರು, ಚಿಕ್ಕಮ್ಮನಿಗೆ ಮನೆ ಸೇರುವ ತವಕ. ಊರಿನ ದಾರಿಯ ಶಿರಾಡಿ ಘಾಟಿಯಲ್ಲಿ ಎಲ್ಲೋ ಗುಡ್ಡ ಜರಿದಿದೆ ಎಂಬ ಸುದ್ದಿ ದಿನ ಬಿಟ್ಟು ದಿನ ಬರುತ್ತಿತ್ತು. ಮಂಡಿ ಮಡಚಿ ಎಂಟು ಗಂಟೆ ಬಸ್ಸಿನಲ್ಲಿ ಕೂರುವುದು ಸದ್ಯಕ್ಕೆ ಬೇಡ ಎಂದು ವೈದ್ಯರು ಹೇಳಿದ್ದರು. ಹಾಗಾಗಿ ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರಿಗೆ ಮೊದಲ ವಿಮಾನದ ಟಿಕೆಟ್ ತೆಗೆದದ್ದು. ಬೆಳಿಗ್ಗೆ 10.20ಕ್ಕೆ ಬೆಂಗಳೂರು ಬಿಟ್ಟು 11.25ಕ್ಕೆ ಮಂಗಳೂರು. ಜಯನಗರದ ಮನೆಯಿಂದ ಆರೂಕಾಲಿಗೇ ಹೊರಡಬೇಕು ಎಂದಾಗ ಅವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು.

"ಎಂತ ಮಾರಾಯ್ತಿ, ಮುಕ್ಕಾಲು ಗಂಟೆ ಹಾರ್ಲಿಕ್ಕೆ ನಾಲ್ಕು ಗಂಟೆ ಮೊದಲು ಹೊರಡ್ಬೇಕಾ?"

ಈ ಪ್ರಶ್ನೆ ನನ್ನನ್ನು ಹಲವರು ಕೇಳಿದ್ದಾರೆ. ನಾನು ಕೊಡುತ್ತಿದ್ದ ಉತ್ತರ 'ಅದು ಹಾಗೇ' ಎಂಬುದು. ಚಿಕ್ಕಮ್ಮನಿಗೆ ಆ ಉತ್ತರ ಸಾಲಲಿಲ್ಲ, ಸಾಲಬೇಕಾಗಿಯೂ ಇರಲಿಲ್ಲ. ಸಣ್ಣ ದೂರದ ವಿಮಾನ ಪ್ರಯಾಣ ಎನ್ನುವುದು ನಿಜವಾಗಿ ನೆಲದ ಮೇಲಿನ ಪ್ರಯಾಣ, ಆಕಾಶ ಅದರ ನಡುವಿನ ಒಂದು ತುಂಡು. ಆ ನೆಲದ ಹೊತ್ತು ಎಲ್ಲಿ, ಯಾಕೆ ಖರ್ಚಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮೊದಲ ಸಲ ಹೋಗುವವರ ಅರ್ಧ ಭಯ ಇಳಿಯುತ್ತದೆ. ಮುಖ್ಯವಾಗಿ ವಯಸ್ಸಾದವರ ಭಯ. ಅವರೊಬ್ಬರನ್ನೇ ವಿಮಾನ ಹತ್ತಿಸಿ ಕಳಿಸುವ ಮಕ್ಕಳು ಈಗ ಮನೆಮನೆಯಲ್ಲೂ ಇದ್ದಾರೆ. ಅದಕ್ಕೇ ಅವತ್ತು ದಾರಿಯುದ್ದಕ್ಕೂ ಚಿಕ್ಕಮ್ಮ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟಿಕೆಟ್ಟಿನ ಮೇಲಿನ ಸಮಯ. 10.20 ಎಂದರೆ ವಿಮಾನ ನೆಲ ಬಿಡುವ ಹೊತ್ತಲ್ಲ, ನಿಂತ ಜಾಗದಿಂದ ಕದಲುವ ಹೊತ್ತು. 11.25 ಎಂದರೆ ಚಕ್ರ ನೆಲ ಮುಟ್ಟುವ ಹೊತ್ತಲ್ಲ, ಆ ಕಡೆ ಹೋಗಿ ನಿಲ್ಲುವ ಹೊತ್ತು. ನಡುವಿನ ಅರುವತ್ತೈದು ನಿಮಿಷದಲ್ಲಿ ರನ್‌ವೇವರೆಗೆ ಉರುಳಿಕೊಂಡು ಹೋಗುವುದು, ಸರದಿಯಲ್ಲಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲ ಸೇರಿದೆ. ಬೆಂಗಳೂರಿನಿಂದ ಮಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು ಮುನ್ನೂರು ಕಿಲೋಮೀಟರ್. ಜೆಟ್ ವಿಮಾನಕ್ಕೆ ಅದು ನಲವತ್ತು ನಿಮಿಷದ ಕೆಲಸ.

ಆದರೆ ಆ ಗೆರೆ ಶುರುವಾಗುವುದೇ ಊರಾಚೆ. ಹಳೆಯ ವಿಮಾನ ನಿಲ್ದಾಣ ಊರೊಳಗೇ ಇತ್ತು. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನೊಂದಿಗೆ ವಾಲ್‌ಚಂದ್ ಹೀರಾಚಂದ್ ಹುಟ್ಟುಹಾಕಿದ ವಿಮಾನ ಕಾರ್ಖಾನೆಯ ರನ್‌ವೇಯನ್ನೇ, ಈಗಿನ ಎಚ್‌ಎಎಲ್‌ನದನ್ನೇ, ಪ್ರಯಾಣಿಕರ ವಿಮಾನಗಳೂ ಬಳಸುತ್ತಿದ್ದವು. ಊರು ಬೆಳೆದು ಅದರ ಸುತ್ತ ಕಟ್ಟಡ ಎದ್ದ ಮೇಲೆ ಅಲ್ಲಿ ಹಿಗ್ಗಲು ಜಾಗವೇ ಇರಲಿಲ್ಲ. 2008ರ ಮೇ 24ರಂದು ದೇವನಹಳ್ಳಿಯ ಬಳಿ ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ ಹೊಸ ನಿಲ್ದಾಣ ತೆರೆಯಿತು, 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರು ಬಂತು. ದೇವನಹಳ್ಳಿ ಟಿಪ್ಪು ಹುಟ್ಟಿದ ಊರು, ಚಕ್ಕೋತಕ್ಕೆ ಹೆಸರಾದ ಊರು. ಮೂವತ್ತೈದು ನಲವತ್ತು ಕಿಲೋಮೀಟರ್ ದೂರ ಎನ್ನುವುದು ಅಂದಿನಿಂದ ಇಂದಿನವರೆಗೆ ಬೆಂಗಳೂರಿನ ದಕ್ಷಿಣದಲ್ಲಿರುವವರ ಅಳಲು. ಹತ್ತಿರದಲ್ಲಿ ಇನ್ನೊಂದು ನಿಲ್ದಾಣ ಯಾಕಿಲ್ಲ ಎಂದು ಕೇಳುವವರಿಗೆ ಒಂದು ಕಾರಣ ಕರಾರಿನಲ್ಲೇ ಇದೆ: ನಿಲ್ದಾಣ ತೆರೆದ ಮೇಲೆ 25 ವರ್ಷ, 150 ಕಿಲೋಮೀಟರಿನೊಳಗೆ ಇನ್ನೊಂದು ಹೊಸ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶವಿಲ್ಲ. ಹಣ ಹೂಡಿದವರಿಗೆ ಪ್ರಯಾಣಿಕರು ಹಂಚಿಹೋಗಬಾರದು ಎಂಬ ಭರವಸೆ ಅದು.

ಹೀಗಾಗಿ ಆರೂಕಾಲು. ಹೆಬ್ಬಾಳದ ಮೇಲುಸೇತುವೆಯನ್ನು ಏಳೂಕಾಲಿನೊಳಗೆ ದಾಟಿದರೆ ಒಂದು ಲೆಕ್ಕ, ದಾಟದಿದ್ದರೆ ಇನ್ನೊಂದು. ಒಬ್ಬರೇ ಹೋಗುವವರಿಗೆ, ಸಾಮಾನು ಕಡಿಮೆ ಇದ್ದವರಿಗೆ ಬಿಎಂಟಿಸಿಯ ವಾಯುವಜ್ರ ಬಸ್ಸು ಈಗಲೂ ಒಳ್ಳೆಯ ಆಯ್ಕೆ. ನಗರದ ಎಲ್ಲ ದಿಕ್ಕುಗಳಿಂದಲೂ ಅದು ಹೊರಡುತ್ತದೆ, ಸೂಟ್‌ಕೇಸ್ ಇಡಲು ಜಾಗವಿದೆ. ಮಂಡಿಯ ಕಾರಣಕ್ಕೆ ನಾವು ಟ್ಯಾಕ್ಸಿ ಹಿಡಿದೆವು. ಹಿಂದಿನ ಸೀಟಿನಲ್ಲಿ ಕಾಲು ಅಡ್ಡ ನೀಡಿ ಕೂತ ಚಿಕ್ಕಮ್ಮ ಸಾದಹಳ್ಳಿ ಟೋಲ್ ದಾಟುವ ಹೊತ್ತಿಗೆ ಇನ್ನೊಂದು ಪ್ರಶ್ನೆ ತೆಗೆದಿದ್ದರು. "ಅಲ್ಲಿ ಎರಡು ನಿಲ್ದಾಣ ಉಂಟಂತೆ ಹೌದಾ?"

ಎರಡು ಟರ್ಮಿನಲ್. ಟಿಕೆಟ್ಟಿನಲ್ಲಿ ಟಿ1 ಎಂದಿದೆಯೋ ಟಿ2 ಎಂದಿದೆಯೋ ಎನ್ನುವುದನ್ನು ಮನೆಯಲ್ಲೇ ನೋಡಿಕೊಳ್ಳಬೇಕು, ಚಾಲಕನಿಗೂ ಹೇಳಬೇಕು. ತಪ್ಪಿದರೆ ನಡುವೆ ಓಡಾಡುವ ಬಸ್ಸಿದೆ, ಆದರೆ ಸಾಮಾನು ಎಳೆದುಕೊಂಡು ಅದನ್ನು ಹುಡುಕುವಷ್ಟು ಹೊತ್ತು ಹಲವರ ಕೈಯಲ್ಲಿ ಇರುವುದಿಲ್ಲ. ನಮ್ಮದು ಟಿ2. 2022ರ ನವೆಂಬರ್ 11ರಂದು, ಅದೇ ದಿನ ಅನಾವರಣಗೊಂಡ 108 ಅಡಿಯ ಕೆಂಪೇಗೌಡರ ಪ್ರತಿಮೆಯ ಜೊತೆಗೆ ಇದರ ಉದ್ಘಾಟನೆಯೂ ಆಯಿತು. ವಿಮಾನ ಹಾರಲು ಶುರುವಾದದ್ದು ಮುಂದಿನ ಜನವರಿ 15ರಂದು. ನನಗೆ ತುಂಬ ಇಷ್ಟವಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಎರಡೂವರೆ ಲಕ್ಷ ಚದರ ಮೀಟರಿನ, ವರ್ಷಕ್ಕೆ ಎರಡೂವರೆ ಕೋಟಿ ಜನರಿಗೆಂದು ಕಟ್ಟಿದ ಈ ಕಟ್ಟಡದಿಂದ ಮೊದಲು ಹಾರಿದ ವಿಮಾನ ಲಂಡನ್ನಿಗೂ ದುಬೈಗೂ ಹೋದದ್ದಲ್ಲ. ಅದು ಹೋದದ್ದು ಕಲಬುರಗಿಗೆ.

ಒಳಗೆ ಕಾಲಿಟ್ಟಾಗ ಚಿಕ್ಕಮ್ಮ ಮೊದಲು ನೋಡಿದ್ದು ಮೇಲಕ್ಕೆ. ತಲೆಯ ಮೇಲಿನ ಮಾಡಿಗೆಲ್ಲ ಬಿದಿರಿನ ಜಾಲರಿ. ಸಂಸ್ಕರಿಸಿದ ಬಿದಿರಿನ ಪಟ್ಟಿಗಳು, ಅವುಗಳ ಸಂದಿಯಿಂದ ಸೋಸಿ ಬೀಳುವ ಬೆಳಕು, ನಡುನಡುವೆ ಮಾಡಿನಿಂದ ಇಳಿಬಿದ್ದ ಗಿಡಗಳ ತೊಟ್ಟಿಲುಗಳು. ವಿನ್ಯಾಸ ಎಸ್‌ಒಎಂ ಎಂಬ ಅಮೆರಿಕದ ಸಂಸ್ಥೆಯದು, ಬೆಂಗಳೂರು ತೋಟಗಳ ಊರು ಎಂಬ ಎಳೆಯನ್ನು ಹಿಡಿದು ಮಾಡಿದ್ದು. ಒಳಾಂಗಣಕ್ಕೆ 2023ರಲ್ಲಿ ಯುನೆಸ್ಕೊ ಪ್ರಾಂಗಣದಲ್ಲಿ ಕೊಡುವ ಪ್ರಿ ವರ್ಸೇಲ್ಸ್ ಪ್ರಶಸ್ತಿಯೂ ಬಂತು. ದೊಡ್ಡ ಕಟ್ಟಡಗಳ ಬಗ್ಗೆ ನನಗೆ ಸುಲಭಕ್ಕೆ ಪ್ರೀತಿ ಹುಟ್ಟುವುದಿಲ್ಲ. ಆದರೂ ಇಲ್ಲಿ ಒಪ್ಪಿಕೊಳ್ಳುತ್ತೇನೆ: ಹೆದರಿಕೊಂಡು ಬಂದ ಹಿರಿಯರೊಬ್ಬರ ಉಸಿರು ಆ ಬಿದಿರಿನ ಕೆಳಗೆ ನಿಧಾನವಾದದ್ದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. "ಇದು ನಮ್ಮ ಓಟೆ ಬಿದಿರಾ, ಬೇರೆ ಜಾತಿಯಾ?" ಎಂದರು. ಆ ಪ್ರಶ್ನೆಯ ಹೊತ್ತಿಗೆ ಅವರು ಚಿಕ್ಕಮ್ಮನಾಗಿಯೇ ಇದ್ದರು, ಪ್ರಯಾಣಿಕರಾಗಿರಲಿಲ್ಲ.

ಬಾಗಿಲಲ್ಲಿ ಟಿಕೆಟ್ಟು ಮತ್ತು ಗುರುತಿನ ಚೀಟಿ ತೋರಿಸಬೇಕು. ಈಗ ಡಿಜಿಯಾತ್ರಾ ಎಂಬ ವ್ಯವಸ್ಥೆ ಇದೆ, 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಶುರುವಾದದ್ದು. ಮೊಬೈಲಿನಲ್ಲಿ ಆಧಾರ್ ಜೋಡಿಸಿಕೊಂಡರೆ ಮುಖ ನೋಡಿಯೇ ಬಾಗಿಲು ತೆರೆಯುತ್ತದೆ. ಇದು ಕಡ್ಡಾಯವಲ್ಲ ಎಂಬುದನ್ನು ಒತ್ತಿ ಹೇಳಬೇಕು, ಯಾಕೆಂದರೆ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲವಂತೆ ಎಂಬ ಮಾತು ನಮ್ಮ ಕಡೆ ಹಬ್ಬಿದೆ. ಚಿಕ್ಕಮ್ಮನ ಬಳಿ ಇದ್ದದ್ದು ಒತ್ತುಗುಂಡಿಯ ಫೋನು, ಟಿಕೆಟ್ಟಿನ ಒಂದು ಮುದ್ರಿತ ಹಾಳೆ, ಆಧಾರ್ ಕಾರ್ಡು. ಅಷ್ಟೇ ಸಾಕಾಯಿತು.

ಬ್ಯಾಗು ಕೊಡುವ ಕೌಂಟರಿನಲ್ಲಿ ಒಂದು ಘಟನೆ. ಜಯನಗರದ ನಮ್ಮ ನೆರೆಮನೆಯವರು ತಿಪಟೂರಿನವರು. ಅವರು ಪ್ರೀತಿಯಿಂದ ಹತ್ತು ಉಂಡೆ ಕೊಬ್ಬರಿ ಕಟ್ಟಿಕೊಟ್ಟಿದ್ದರು. ತೆಂಗಿನ ಸೀಮೆಗೆ ಕೊಬ್ಬರಿ ಯಾಕೆ ಎಂದು ಕೇಳಬಾರದು, ತಿಪಟೂರಿನ ಕೊಬ್ಬರಿಯ ರುಚಿಯೇ ಬೇರೆ. ಕೌಂಟರಿನ ಹುಡುಗಿ ಕನ್ನಡದಲ್ಲೇ ಕೇಳಿದರು, "ಕೊಬ್ಬರಿ, ಪವರ್‌ಬ್ಯಾಂಕ್, ಬೆಂಕಿಪೆಟ್ಟಿಗೆ ಏನಾದ್ರೂ ಇದೆಯಾ ಅಮ್ಮ?" ಇದೆ ಎಂದರು ಚಿಕ್ಕಮ್ಮ, ಸಂಭ್ರಮದಿಂದ. ಅದು ಹೋಗುವ ಹಾಗಿರಲಿಲ್ಲ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ಗಾಳಿಯ ಜೊತೆ ಸೇರಿ ಅದು ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನ ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳು ಪಟ್ಟಿ ಮಾಡಿವೆ. ಯಾರೂ ಹೋಗಿ ನೀರು ಹಾಕಲಾಗದ ವಿಮಾನದ ಹೊಟ್ಟೆಯೊಳಗೆ ಅಂಥದ್ದನ್ನು ಇಡುವಂತಿಲ್ಲ. ಪವರ್‌ಬ್ಯಾಂಕಿನದು ಇದೇ ಕಾರಣ, ಬೇರೆ ಪರಿಹಾರ: ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕಣ್ಣೆದುರೇ ಹೊತ್ತಿಕೊಳ್ಳಲಿ, ಆರಿಸಬಹುದು ಎಂದು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಕೊಬ್ಬರಿಯ ಗಂಟು ಟ್ಯಾಕ್ಸಿಯ ಹುಡುಗನ ಜೊತೆಗೆ ವಾಪಸು ಜಯನಗರಕ್ಕೆ ಹೋಯಿತು.

ಸಾಮಾನ್ಯವಾಗಿ ಎಕಾನಮಿ ಟಿಕೆಟ್ಟಿಗೆ ಹದಿನೈದು ಕಿಲೋ ವಿಮಾನದ ಹೊಟ್ಟೆಗೆ, ಏಳು ಕಿಲೋ ಕೈಗೆ. ಕೌಂಟರು ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಬಸ್ಸು ಹಾಗೆ ಮಾಡುವುದಿಲ್ಲವಲ್ಲ ಎಂದರೆ, ಬಸ್ಸಿನಲ್ಲಿ ಯಾವ ಚೀಲ ಎಲ್ಲಿದೆ ಎಂದು ಚಾಲಕ ಲೆಕ್ಕ ಹಾಕಬೇಕಿಲ್ಲ. ವಿಮಾನದಲ್ಲಿ ಪ್ರತಿ ಬ್ಯಾಗನ್ನೂ ಕ್ಷಕಿರಣದಲ್ಲಿ ನೋಡಬೇಕು, ಜನ, ಸಾಮಾನು, ಇಂಧನ ಎಲ್ಲದರ ತೂಕ ಕೂಡಿಸಬೇಕು, ಆ ತೂಕ ಹಿಂದೆ ಎಷ್ಟು ಮುಂದೆ ಎಷ್ಟು ಎಂಬ ಪಟ್ಟಿ ಪೈಲಟ್ಟಿನ ಕೈಗೆ ಹೋಗಬೇಕು. ಎಷ್ಟು ವೇಗದಲ್ಲಿ ಮೂಗೆತ್ತಬೇಕು ಎನ್ನುವುದು ಆ ಪಟ್ಟಿಯ ಮೇಲೆ ನಿಂತಿದೆ.

ಇನ್ನೊಂದು ಕಾರಣ ನೋವಿನದು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬು ಇದ್ದ ಪೆಟ್ಟಿಗೆ ವಿಮಾನಕ್ಕೆ ಏರಿತ್ತು, ಅದನ್ನು ಒಪ್ಪಿಸಿದವನು ಏರಿರಲಿಲ್ಲ. ಬ್ಯಾಗು ಕೊಟ್ಟವರು ಬಂದು ಹತ್ತದಿದ್ದರೆ ಇಂದು ಆ ಬ್ಯಾಗನ್ನು ಹುಡುಕಿ ಕೆಳಗಿಳಿಸಿಯೇ ವಿಮಾನ ಹೊರಡಬೇಕು. ಗೇಟಿನಲ್ಲಿ ಯಾರದೋ ಹೆಸರನ್ನು ಮತ್ತೆ ಮತ್ತೆ ಕರೆಯುವುದು ಕೇಳಿದಾಗ, ಹೊರಡುವುದಕ್ಕೆ ಇಪ್ಪತ್ತೈದು ನಿಮಿಷ ಮೊದಲೇ ಗೇಟು ಮುಚ್ಚಿದಾಗ, ನನಗೆ ಆ ಒಂದು ಪೆಟ್ಟಿಗೆಯೇ ನೆನಪಾಗುತ್ತದೆ.

ಗಾಲಿಕುರ್ಚಿಯ ಮಾತು ತೆಗೆದಾಗ ಚಿಕ್ಕಮ್ಮ ಮುಖ ಗಂಟಿಕ್ಕಿದರು. "ನನಗೆಂತ ಕಾಲಿಲ್ವಾ?" ಟಿಕೆಟ್ ತೆಗೆಯುವಾಗಲೇ ಅದನ್ನು ಕೇಳಿಟ್ಟಿದ್ದೆ, ನಡೆಯಲು ಕಷ್ಟವಿರುವವರಿಗೆ ವಿಮಾನ ಸಂಸ್ಥೆ ಒದಗಿಸಬೇಕಾದ ನೆರವು ಅದು. ಅಲ್ಲಿಂದ ಗೇಟಿಗೆ ಎಷ್ಟು ದೂರ ಎಂದು ಕೈ ತೋರಿಸಿದೆ, ಕೊನೆ ಕಾಣಲಿಲ್ಲ. ನೂರೆಂಬತ್ತರ ಆಸುಪಾಸು ಸೀಟಿನ ವಿಮಾನದ ರೆಕ್ಕೆಗಳು ತುದಿಯಿಂದ ತುದಿಗೆ ಸುಮಾರು 36 ಮೀಟರ್. ಪಕ್ಕದ ವಿಮಾನಕ್ಕೆ ತಾಗದಿರಲು ನಾಲ್ಕೂವರೆ ಮೀಟರ್ ಬಿಡಬೇಕು. ಅಲ್ಲಿಗೆ ಒಂದು ಗೇಟಿಗೂ ಮುಂದಿನದಕ್ಕೂ ನಲವತ್ತು ಮೀಟರ್ ಆಯಿತು. ಹತ್ತು ವಿಮಾನ ಸಾಲಾಗಿ ನಿಂತರೆ ನಾನೂರು ಮೀಟರ್, ಅದಕ್ಕೆ ಟರ್ಮಿನಲ್ಲಿನ ಉದ್ದ, ನಡುವಿನ ತೋಟ ದಾಟುವ ದಾರಿ ಸೇರಿಸಿ. ದೊಡ್ಡ ನಿಲ್ದಾಣದಲ್ಲಿ ನಡಿಗೆ ಹೆಚ್ಚಾಗುವುದು ಕಟ್ಟಿದವರ ಆಡಂಬರದಿಂದಷ್ಟೇ ಅಲ್ಲ, ರೆಕ್ಕೆಗಳ ಅಗಲದಿಂದ. ಲೆಕ್ಕ ಕೇಳಿದ ಮೇಲೆ ಚಿಕ್ಕಮ್ಮ ಕುರ್ಚಿಯಲ್ಲಿ ಕೂತರು. ನಮ್ಮ ಅಪ್ಪ ಅಮ್ಮಂದಿರಿಗೆ ಈ ಕುರ್ಚಿಯ ಬಗ್ಗೆ ಇರುವ ಸಂಕೋಚವನ್ನು ಬಿಡಿಸುವುದು ಮಕ್ಕಳ ಕೆಲಸ. ನಿಜಕ್ಕೂ ಬೇಕಾದವರು ಸಂಕೋಚಪಡಬಾರದು, ಬೇಡದವರು ಸಾಲು ತಪ್ಪಿಸಲು ಅದನ್ನು ಹಿಡಿಯಬಾರದು. ಕುರ್ಚಿಗಳೂ ತಳ್ಳುವ ಕೈಗಳೂ ಎಣಿಕೆಯವು.

ಭದ್ರತಾ ತಪಾಸಣೆಯ ಚೌಕಟ್ಟು ನಿರೀಕ್ಷೆಯಂತೆ ಕೂಗಿಕೊಂಡಿತು, ಮಂಡಿಯಲ್ಲಿ ಲೋಹವಿದೆಯಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಗೊಂದಲವಿಲ್ಲ. ಮಹಿಳೆಯರಿಗೆ ಪರದೆಯ ಒಳಗೆ ಮಹಿಳಾ ಸಿಬ್ಬಂದಿಯೇ ನೋಡುತ್ತಾರೆ. ವೈದ್ಯರ ಚೀಟಿ ಕೈಯಲ್ಲಿದ್ದರೆ ಅನುಕೂಲ, ಇದ್ದರೂ ಕೈಯಿಂದ ತಪಾಸಣೆ ತಪ್ಪದು. ಕೇಂದ್ರ ಕೈಗಾರಿಕಾ ಭದ್ರತಾ ಪಡೆ (ಸಿಐಎಸ್‌ಎಫ್) ಈ ಕೆಲಸಕ್ಕೆ ಬಂದದ್ದು 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ಮೇಲೆ, 2000ದ ಫೆಬ್ರುವರಿಯಲ್ಲಿ ಜೈಪುರದಿಂದ ಶುರು. ಸಮವಸ್ತ್ರದ ಆ ಹುಡುಗಿ ಚಿಕ್ಕಮ್ಮನ ಸೀರೆಯ ನೆರಿಗೆ ಕೆಡದಂತೆ ನೋಡಿ, ಹಿಂದಿಯಲ್ಲಿ ಏನೋ ಕೇಳಿ ನಕ್ಕರು. ಚಿಕ್ಕಮ್ಮನಿಗೆ ಹಿಂದಿ ಬಾರದು. ಅವರೂ ನಕ್ಕರು.

ಒಳಗೆ ಹೋದ ಮೇಲೆ ಹೋಟೆಲಿನ ದರ ನೋಡಿ ಗಾಬರಿಯಾಗುವವರಿಗೆ ಎರಡು ಮಾತು. ಮನೆಯ ತಿಂಡಿ ಒಯ್ಯಬಹುದು, ನಾವು ಇಡ್ಲಿಗೆ ಚಟ್ನಿಪುಡಿ ಸವರಿ ತಂದಿದ್ದೆವು. ಬಾಟಲಿ ಇದ್ದರೆ ಕುಡಿಯುವ ನೀರು ಅಲ್ಲೇ ಹಿಡಿದುಕೊಳ್ಳಬಹುದು.

ಗೇಟಿನ ಎದುರು ಕೂತಾಗ ಹಲಗೆಯ ಮೇಲೆ ನಮ್ಮ ವಿಮಾನ ತಡ ಎಂದು ಬಂತು. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಲ್ಲಿ ಮಳೆ, ದಾರಿ ಕಾಣಿಸುತ್ತಿಲ್ಲ. ನಮ್ಮನ್ನು ಒಯ್ಯಬೇಕಾದ ವಿಮಾನ ಬೇರೆ ಊರಿಂದ ಬಂದು ಅಲ್ಲಾಗಲೇ ನಿಂತಿತ್ತು, ಆದರೂ ಬಿಡುವಂತಿರಲಿಲ್ಲ. ಸಾಮಾನ್ಯ ದಿನಗಳ ತಡಕ್ಕೆ ಕಾರಣ ಬೇರೆ. ಕಡಿಮೆ ದರದ ಸಂಸ್ಥೆಗಳು ವಿಮಾನವನ್ನು ನೆಲದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಿಸಲು ಬಯಸುವುದಿಲ್ಲ. ವಿಮಾನ ದುಡಿಯುವುದು ಹಾರುವಾಗ ಮಾತ್ರ. ಒಂದೇ ವಿಮಾನ ಬೆಳಗಿನಿಂದ ರಾತ್ರಿವರೆಗೆ ನಾಲ್ಕಾರು ಊರು ಸುತ್ತುತ್ತದೆ, ಬೆಳಿಗ್ಗೆ ಎಲ್ಲೋ ಆದ ಇಪ್ಪತ್ತು ನಿಮಿಷದ ತಡ ಸಂಜೆಗೆ ಒಂದೂವರೆ ಗಂಟೆಯಾಗಿ ಬೆಳೆದಿರುತ್ತದೆ. ಹಾಗಾಗಿ ಬೆಳಗಿನ ವಿಮಾನ ಒಳ್ಳೆಯದು ಎನ್ನುತ್ತೇನೆ. ಆದರೆ ನವೆಂಬರಿನಿಂದ ಫೆಬ್ರುವರಿವರೆಗೆ ದೇವನಹಳ್ಳಿಯಲ್ಲಿ ನಸುಕಿನ ಮಂಜು ಕವಿಯುತ್ತದೆ, ಆಗ ಹತ್ತು ಗಂಟೆಯ ಆಚೀಚಿನದು ಮೇಲು.

ತಡವಾದರೆ ನಮಗೆ ಸಿಗಬೇಕಾದದ್ದೇನು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಿರಲೇಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದ ಪ್ರಕಾರ ಇಂಥ ಸಣ್ಣ ಹಾರಾಟ ಎರಡು ಗಂಟೆ ತಡವಾದರೆ ಕಾಯುತ್ತಿರುವವರಿಗೆ ತಿಂಡಿ ತೀರ್ಥ ಕೊಡಬೇಕು. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸು, ಆಯ್ಕೆ ಪ್ರಯಾಣಿಕರದು. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ, ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆಯೊಳಗಿನದಕ್ಕೆ 7,500 ರೂಪಾಯಿ, ಅಥವಾ ಮೂಲದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಯಾವುದು ಕಡಿಮೆಯೋ ಅದು ಪರಿಹಾರ. ಮಳೆ, ಮಂಜಿನಂಥ ಕಾರಣಕ್ಕೆ ಪರಿಹಾರವಿಲ್ಲ. ಏಜೆಂಟರ ಮೂಲಕ ಟಿಕೆಟ್ ತೆಗೆಯುವವರು ಸ್ವಂತ ಫೋನ್ ನಂಬರೇ ಕೊಡಿಸಬೇಕು. ರದ್ದಾದ ಸುದ್ದಿ ಏಜೆಂಟರ ಫೋನಿನಲ್ಲೇ ಉಳಿದುಬಿಟ್ಟರೆ ಪರಿಹಾರವೂ ಇಲ್ಲ, ವಿಮಾನವೂ ಇಲ್ಲ.

ಬಜಪೆಯ ಮಳೆ ಹಗುರ ಮಾಡಿಕೊಳ್ಳುವ ವಿಷಯವಲ್ಲ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದು ತೆರೆದ ಆ ನಿಲ್ದಾಣ ಗುಡ್ಡದ ತಲೆ ಸವರಿ ಮಾಡಿದ್ದು. ರನ್‌ವೇಯ ತುದಿಯಾಚೆ ಕಣಿವೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ 2,450 ಮೀಟರಿನ ರನ್‌ವೇಯಲ್ಲಿ ತೀರಾ ಮುಂದೆ ಹೋಗಿ ನೆಲ ಮುಟ್ಟಿತು, ನಿಲ್ಲಲಾಗದೆ ಕೆಳಗುರುಳಿತು. 158 ಜನ ಹೋದರು, ಉಳಿದವರು ಎಂಟೇ ಮಂದಿ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಆ ದಿನವನ್ನು ಮರೆತ ಊರಿಲ್ಲ. ಚಿಕ್ಕಮ್ಮನ ಮನಸ್ಸಿನಲ್ಲೂ ಅದೇ ಇತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ. ತಡ ಎಂದು ಹಲಗೆ ತೋರಿಸಿದಾಗ ನಾನು ಹೇಳಿದೆ, "ಕಾಣದಿದ್ರೆ ಇಳಿಸ್ಲಿಕ್ಕೆ ಹೋಗುವುದಿಲ್ಲ ಚಿಕ್ಕಮ್ಮ, ಅದಕ್ಕೇ ಇಲ್ಲಿ ಕೂರಿಸಿದ್ದು. ಅಲ್ಲಿಗೆ ಹೋದ ಮೇಲೂ ಕಾಣದಿದ್ರೆ ವಾಪಸು ತರ್ತಾರೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಕೂರುವ" ಎಂದರು. ನಲವತ್ತು ನಿಮಿಷ ಕೂತೆವು.

ಸೀಟಿನ ವಿಷಯದಲ್ಲಿ ನಮ್ಮಿಬ್ಬರಿಗೆ ಸಣ್ಣ ಜಗಳ. ಅವರಿಗೆ ಕಿಟಕಿ ಬೇಕು. ನಾನು ಕೊಡಿಸಿದ್ದು 'ಸಿ', ಎಡ ಸಾಲಿನ ನಡುದಾರಿಯ ಪಕ್ಕದ್ದು. ಎಡ ಸಾಲಿನಲ್ಲಿ ಕೂತರೆ ನಡುದಾರಿ ಬಲಗಡೆ ಸಿಗುತ್ತದೆ, ಬಲ ಮಂಡಿಯನ್ನು ಆಗಾಗ ಚಾಚಬಹುದು. ಎಡಗಾಲಿನ ನೋವಿದ್ದವರು ಬಲ ಸಾಲಿನ 'ಡಿ' ಕೇಳಬೇಕು. ತುರ್ತು ಬಾಗಿಲಿನ ಪಕ್ಕದ ಸಾಲಿನಲ್ಲಿ ಕಾಲಿಗೆ ಜಾಗ ಹೆಚ್ಚು, ಆದರೆ ಅದನ್ನು ಇಂಥವರಿಗೆ ಕೊಡುವುದಿಲ್ಲ. ಅಲ್ಲಿ ಕೂತವರು ಆಪತ್ತಿನಲ್ಲಿ ಆ ಭಾರದ ಬಾಗಿಲನ್ನು ತೆರೆಯಬೇಕು. ಹತ್ತುವ ಮೊದಲು, ಟರ್ಮಿನಲ್ಲಿನಿಂದ ನೇರ ವಿಮಾನದ ಬಾಗಿಲಿಗೆ ಹೋಗುವ ಏರೊಬ್ರಿಡ್ಜ್ ಇರುತ್ತದೋ ಬಸ್ಸಿನಲ್ಲಿ ಒಯ್ದು ಮೆಟ್ಟಿಲು ಹತ್ತಿಸುತ್ತಾರೋ ಎಂಬ ಆತಂಕವೂ ಇತ್ತು. ಮೆಟ್ಟಿಲಾದರೆ ಕುರ್ಚಿಯಲ್ಲಿರುವವರನ್ನು ಎತ್ತಿ ಬಾಗಿಲಿಗೆ ತಲುಪಿಸುವ ಲಿಫ್ಟಿನ ವಾಹನ ಬರುತ್ತದೆ. ನಮಗೆ ಏರೊಬ್ರಿಡ್ಜೇ ಸಿಕ್ಕಿತು.

ವಿಮಾನ ಹಿಮ್ಮುಖವಾಗಿ ಸರಿದು, ತಿರುಗಿ, ಉರುಳತೊಡಗಿತು. ಚಿಕ್ಕಮ್ಮ ನನ್ನ ಮೇಲೆ ಬಾಗಿ ಹೊರಗೆ ನೋಡಿ, "ನೆಲದಲ್ಲಿ 27 ಅಂತ ಬರ್ದಿದೆ" ಎಂದರು. ಅದು ದಿಕ್ಕಿನ ಲೆಕ್ಕ. ದಿಕ್ಸೂಚಿಯ 270 ಡಿಗ್ರಿ, ಅಂದರೆ ಪಡುವಣ, ಕೊನೆಯ ಸೊನ್ನೆ ಬಿಟ್ಟರೆ 27. ಅದೇ ರನ್‌ವೇಯ ಇನ್ನೊಂದು ತುದಿಯಲ್ಲಿ 09 ಎಂದಿರುತ್ತದೆ, ಮೂಡಣ. ವಿಮಾನ ಗಾಳಿಗೆ ಎದುರಾಗಿ ಏಳುತ್ತದೆ, ಎದುರು ಗಾಳಿ ರೆಕ್ಕೆಗೆ ಬಲ. ಮಳೆಗಾಲದ ಈ ಆಟಿ ತಿಂಗಳಲ್ಲಿ ಬೆಂಗಳೂರಿಗೆ ಬೀಸುವುದು ಪಡುಗಾಳಿ, ಹಾಗಾಗಿ ನಾವು ಪಡುವಣಕ್ಕೇ ಎದ್ದೆವು, ಊರಿನ ದಿಕ್ಕಿಗೇ. ಚಳಿಗಾಲದಲ್ಲಾದರೆ ಮೂಡಣಕ್ಕೆ ಎದ್ದು ತಿರುಗಿ ಬರಬೇಕು. ಒಂದಕ್ಕೊಂದು ಸಮಾನಾಂತರವಾಗಿ ಇಂಥ ಎರಡು ರನ್‌ವೇ ಇಲ್ಲಿವೆ, ಎರಡನೆಯದು ಬಂದದ್ದು 2019ರ ಡಿಸೆಂಬರಿನಲ್ಲಿ.

ಆಮೇಲೆ ಬರೀ ಬಿಳುಪು. ಸಹ್ಯಾದ್ರಿಯನ್ನು ಮೇಲಿಂದ ತೋರಿಸುತ್ತೇನೆ ಎಂದಿದ್ದೆ, ಮೋಡದ ಮುದ್ದೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕೆಳಗೆಲ್ಲೋ ಸಕಲೇಶಪುರ, ಸುಬ್ರಹ್ಮಣ್ಯ, ರೈಲು 57 ಸುರಂಗ ಹೊಕ್ಕು ಹೊರಬರುವ ಘಾಟಿ. ಸಣ್ಣ ದೂರಕ್ಕೆ ವಿಮಾನ ತೀರಾ ಮೇಲಕ್ಕೆ ಹೋಗುವುದಿಲ್ಲ, ಏರಿ ಮುಗಿಯುವ ಹೊತ್ತಿಗೆ ಇಳಿಯುವುದು ಶುರು. ಹಾರಾಟದಲ್ಲಿ ಅತಿ ಹೆಚ್ಚು ಇಂಧನ ಕುಡಿಯುವುದು ಆ ಏರುವ ಕೆಲಸವೇ, ಹಾಗಾಗಿ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಸಣ್ಣ ಹಾರಾಟ ದುಬಾರಿ, ಗಾಳಿಗೆ ಸೇರಿಸುವ ಹೊಗೆಯೂ ಹೆಚ್ಚು. ಹಾರಿದ ದೂರ ಕಡಿಮೆಯೆಂದು ಇಳಿಯುವ ಶುಲ್ಕ, ನಿಲ್ಲುವ ಶುಲ್ಕ ಕಡಿಮೆಯಾಗುವುದಿಲ್ಲ. ಮಂಗಳೂರಿನ ಟಿಕೆಟ್ಟು ಕೆಲವು ದಿನ ಮುಂಬೈಯ ಟಿಕೆಟ್ಟಿನಷ್ಟೇ ಆಗುವುದರ ಹಿಂದೆ ಇದೂ ಇದೆ.

ಇಳಿಯುವಾಗ ಚಿಕ್ಕಮ್ಮನ ಕಿವಿ ಕಟ್ಟಿತು. ವಿಮಾನದೊಳಗಿನ ಗಾಳಿಯನ್ನು ಎಂಟು ಸಾವಿರ ಅಡಿ ಎತ್ತರದಲ್ಲಿರುವುದಕ್ಕಿಂತ ತೆಳುವಾಗದಂತೆ, ಹೆಚ್ಚೆಂದರೆ ಮುಳ್ಳಯ್ಯನಗಿರಿಗಿಂತ ತುಸು ಮೇಲಿನಷ್ಟಕ್ಕೆ ಹಿಡಿದಿರುತ್ತಾರೆ. ಕೆಳಗಿಳಿದಂತೆ ಹೊರಗಿನ ಒತ್ತಡ ಏರುತ್ತದೆ, ಕಿವಿಯ ಒಳಬದಿಗೆ ಆ ಒತ್ತಡ ತಲುಪಲು ತಡವಾಗುತ್ತದೆ. ಬೆಂಗಳೂರಿನಿಂದ ಕರಾವಳಿಗೆ ಇಳಿಯುವಾಗ ಇದು ಇನ್ನಷ್ಟು, ಯಾಕೆಂದರೆ ದೇವನಹಳ್ಳಿ ಸಮುದ್ರ ಮಟ್ಟದಿಂದ 915 ಮೀಟರ್ ಮೇಲೆ, ಬಜಪೆ ನೂರು ಮೀಟರಿನ ಆಸುಪಾಸು. ಶಿರಾಡಿ ಇಳಿಯುವಾಗ ಬಸ್ಸಿನಲ್ಲಿ ಕಿವಿ ಟಪ್ ಎನ್ನುವುದಿಲ್ಲವೇ, ಅದೇ. ಲವಂಗ ಕೊಟ್ಟೆ, ಜಗಿದು ಉಗುಳು ನುಂಗಿದರು, ಬಿಟ್ಟಿತು.

ಹಗಲಾದರೂ ಕಿಟಕಿಯ ಮರೆಗಳನ್ನೆಲ್ಲ ಮೇಲೆತ್ತಿಸಿದರು. ಹೊರಗೆ ಬೆಂಕಿ, ಹೊಗೆ ಏನಾದರೂ ಇದ್ದರೆ ಒಳಗಿನವರಿಗೆ ಕಾಣಬೇಕು, ಓಡುವ ಪ್ರಸಂಗ ಬಂದರೆ ಕಣ್ಣು ಹೊರಗಿನ ಬೆಳಕಿಗೆ ಹೊಂದಿರಬೇಕು. ಮೋಡ ಹರಿದು ಒಮ್ಮೆಲೇ ತೆಂಗಿನ ತಲೆಗಳು, ಕೆಂಪು ಹೆಂಚಿನ ಮಾಡುಗಳು, ತುಂಬಿದ ಹೊಳೆ ಕಂಡವು. ಚಕ್ರ ನೆಲ ಮುಟ್ಟಿದಾಗ ದಡ್ ಎಂದು ಜೋರಾದ ಸದ್ದು, ಚಿಕ್ಕಮ್ಮ ನನ್ನ ಕೈ ಹಿಡಿದರು. ಒದ್ದೆ ರನ್‌ವೇಯಲ್ಲಿ ಹೂವಿನಂತೆ ಇಳಿಸಿದರೆ ಚಕ್ರ ನೀರಿನ ಪದರದ ಮೇಲೆ ಜಾರಬಹುದು. ಅದಕ್ಕೆ ಪೈಲಟ್ ಬೇಕೆಂದೇ ಗಟ್ಟಿಯಾಗಿ ಊರುತ್ತಾರೆ, ನೀರು ಸೀಳಿ ಟಯರು ಡಾಂಬರನ್ನು ಕಚ್ಚಿಕೊಳ್ಳಲಿ ಎಂದು. ಕೂಡಲೇ ಬರುವ ದೊಡ್ಡ ಮೊರೆತ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿದ್ದರದ್ದು, ನಿಲ್ಲಿಸಲು. ಬಜಪೆಯ ಮಳೆಗಾಲದಲ್ಲಿ ಆ ದಡ್ ಎನ್ನುವ ಸದ್ದು ನೆಮ್ಮದಿಯ ಸದ್ದು. ಇದನ್ನು ಮೊದಲೇ ಹೇಳಿಡಬೇಕಿತ್ತು, ಹೇಳಿರಲಿಲ್ಲ.

ಆಕಾಶದಲ್ಲಿ ಕಳೆದದ್ದು ನಲವತ್ತೆರಡು ನಿಮಿಷ. ಬ್ಯಾಗು ಬಂದು, ಟ್ಯಾಕ್ಸಿ ಹಿಡಿದು, ಬಿ.ಸಿ. ರೋಡ್ ದಾಟಿ ಪುತ್ತೂರಿನ ಮನೆ ಮುಟ್ಟಿದಾಗ ಎರಡೂಕಾಲು. ಒಟ್ಟು ಎಂಟು ಗಂಟೆ. ರಾತ್ರಿ ಬಸ್ಸಿಗೂ ಅಷ್ಟೇ ಬೇಕು, ದುಡ್ಡು ಅರ್ಧಕ್ಕಿಂತ ಕಡಿಮೆ. ಗಟ್ಟಿಮುಟ್ಟಾದವರು, ದಾರಿ ಸರಿಯಿರುವ ತಿಂಗಳುಗಳಲ್ಲಿ, ಮುನ್ನೂರೈವತ್ತು ಕಿಲೋಮೀಟರಿಗೆ ವಿಮಾನ ಹಿಡಿಯುವುದರಲ್ಲಿ ಸಮಯದ ಲಾಭವಿಲ್ಲ ಎಂದೇ ನನ್ನ ಅಭಿಪ್ರಾಯ. ರಾತ್ರಿ ರೈಲಿನಲ್ಲಿ ಮಲಗಿ ಹೋಗುವುದು ಎಲ್ಲ ಲೆಕ್ಕದಲ್ಲೂ ಮೇಲು. ಕಲಬುರಗಿ, ಬೀದರಿನ ಮಾತು ಬೇರೆ. ಅಲ್ಲಿಗೆ ವಿಮಾನವಿದ್ದರೆ ಒಂದು ಗಂಟೆಯ ಹಾರಾಟ ಇಡೀ ರಾತ್ರಿಯನ್ನು ಉಳಿಸುತ್ತದೆ, ಹೃದಯದ ತಜ್ಞರನ್ನು ಕಾಣಲು ಬರುವವರಿಗೆ ಅದು ದೊಡ್ಡ ಮಾತು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿ ಸಣ್ಣ ಊರುಗಳಿಗೆ ಎಟಿಆರ್ ಎಂಬ ಚಿಕ್ಕ ವಿಮಾನಗಳನ್ನು ಹಾರಿಸಿದಾಗ ಇದ್ದ ಆಸೆ ಅದೇ. 2016ರಲ್ಲಿ ಬಂದ ಉಡಾನ್ ಯೋಜನೆ ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರವನ್ನು 2,500 ರೂಪಾಯಿಯ ಸುತ್ತ ಕಟ್ಟಿಹಾಕಿತು, ನಷ್ಟವನ್ನು ಮೂರು ವರ್ಷ ತುಂಬಿಕೊಟ್ಟಿತು. ಆ ಮೂರು ವರ್ಷ ಮುಗಿದ ಮೇಲೆ ನಿಂತುಹೋದ ಮಾರ್ಗಗಳು ದೇಶದಲ್ಲಿ ಹಲವು. ವಿಮಾನ ಯಾರಿಗೆ ನಿಜವಾಗಿ ಬೇಕೋ ಅವರ ಊರಿನಲ್ಲೇ ಅದು ಮೊದಲು ನಿಲ್ಲುತ್ತದೆ ಎಂಬುದು ನನ್ನನ್ನು ಕಾಡುವ ಸಂಗತಿ.

ಮನೆಯ ಜಗಲಿಗೆ ಮೂರು ಮೆಟ್ಟಿಲು. ಚಿಕ್ಕಪ್ಪ ಕೊಡೆ ಹಿಡಿದು ಅಂಗಳಕ್ಕಿಳಿದು ಬಂದರು. ಚಿಕ್ಕಮ್ಮ ಅವರ ತೋಳು ಹಿಡಿಯದೆ, ಎಡಗಾಲು ಮೊದಲಿಟ್ಟು, ಫಿಸಿಯೋ ಕಲಿಸಿದ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿ ಕೂತರು. ಸಂಜೆ ಕಾಲು ನೀಡಿಸಿ ನೋಡಿದೆ. ಮಂಡಿ ಊದಿರಲಿಲ್ಲ. ಅಷ್ಟರಲ್ಲಿ ಸುಳ್ಯದ ಅಕ್ಕನಿಗೆ ಫೋನ್ ಹಚ್ಚಿ ಅವರು ಹೇಳುತ್ತಿದ್ದರು, "ಕುರ್ಚಿ ಬೇಡ ಅಂತ ಹೇಳ್ಬೇಡ ಅಕ್ಕ, ಅಲ್ಲಿ ಒಂದೊಂದು ರೆಕ್ಕೆ ಅಷ್ಟಷ್ಟು ಉದ್ದ ಉಂಟು."